ಮನೆ ಉಳಿಸಲು ಅನುದಾನ ಕೇಳಿದ ಚಳಿಗಾಲ

ದುಡ್ಡಿದ್ದವರ ಹತ್ತಿರ ದುಡ್ಡು ಕೇಳಲು ಹೋದರೆ ಅವಮಾನವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಅವಮಾನಪಡಲು ಪುರುಸೊತ್ತೇ ಸಿಗುವುದಿಲ್ಲ. ಒಂದು ನಗೆಪಾಟಲು ಮುಗಿಯುವುದರೊಳಗೆ ಇನ್ನೊಂದು ಬಂದು ಬಾಗಿಲು ಬಡಿಯುತ್ತಿರುತ್ತದೆ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದವಳಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು, ಕೇಂದ್ರ ಸರ್ಕಾರದ ಗುಮಾಸ್ತರೊಬ್ಬರ ಹೆಂಡತಿಯಾಗಿ ದೆಹಲಿಗೆ ಬಂದೆ. ಕಾನೂನು ಕಲಿತದ್ದು ಪೊಲೀಸ್ ಠಾಣೆಯ ಬೆಂಚಿನ ಮೇಲೆ. ಹಿಂದಿ ಕಲಿತದ್ದು ಜಗಳದಲ್ಲಿ. ಇಂಗ್ಲಿಷ್ ಕಲಿತದ್ದು, "ನಿಮ್ಮ ಮನವಿಯನ್ನು ಪರಿಗಣಿಸಲು ಸಾಧ್ಯವಿಲ್ಲ" ಎಂದು ಸರ್ಕಾರ ಬರೆಯುವ ಪತ್ರಗಳನ್ನು ಓದಿ ಓದಿ.

ವಸಂತ್ ಕುಂಜಿನ ಫ್ಲಾಟುಗಳ ಹಿಂದೆ ಒಂದು ಹಳೇ ಹಳ್ಳಿ ಇದೆ. ಊರು ಬೆಳೆದು ಸುತ್ತುವರಿದರೂ ಅದರ ಗಲ್ಲಿಗಳು ಮಾತ್ರ ಅಗಲವಾಗಲಿಲ್ಲ. ಅಲ್ಲಿಯ ಒಂದು ಕಟ್ಟಡದ ಮೇಲಿನ ಎರಡು ಮಹಡಿಗಳಲ್ಲಿ ನಮ್ಮ ಮನೆ. ನನ್ನ ಸಂಸಾರದ ಮನೆಯಲ್ಲ. ಗಂಡನ ಹೊಡೆತ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಹೊರಬಂದ ಹೆಂಗಸರ ಮನೆ. ಸರ್ಕಾರದ ಆಶ್ರಯ ಕೇಂದ್ರ ಕೆಲವು ದಿನ ಇಟ್ಟುಕೊಂಡು ಇನ್ನು ಹೊರಡಿ ಅನ್ನುತ್ತದೆ. ಹೊರಗೆ ಒಂಟಿ ಹೆಂಗಸಿಗೆ ಯಾರೂ ಕೋಣೆ ಬಾಡಿಗೆಗೆ ಕೊಡುವುದಿಲ್ಲ. ಅಲ್ಲಿಗೂ ಇಲ್ಲಿಗೂ ನಡುವೆ ಬೀದಿಗೆ ಬೀಳಬಾರದೆಂದು ಅವರು ಒಂದು ವರ್ಷ, ಒಂದೂವರೆ ವರ್ಷ ನಮ್ಮಲ್ಲಿರುತ್ತಾರೆ. ಕೆಲಸ ಹಿಡಿಯುತ್ತಾರೆ, ಕೇಸು ನಡೆಸುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾರೆ, ಆಮೇಲೆ ತಮ್ಮದೇ ಕೋಣೆ ನೋಡಿಕೊಂಡು ಹೋಗುತ್ತಾರೆ.

ಆ ವರ್ಷ ಮಳೆಗಾಲದಲ್ಲಿ ಕಟ್ಟಡದ ಮಾಲೀಕರು ಮೆಟ್ಟಿಲು ಹತ್ತಿ ಬಂದು, "ಮಾರ್ಚ್ ಒಳಗೆ ಮೂರು ವರ್ಷದ ಕರಾರು ಮಾಡ್ಕೊಳ್ಳಿ, ಮುಂಗಡ ಕೊಡಿ. ಇಲ್ಲಾಂದ್ರೆ ಖಾಲಿ ಮಾಡಿ. ಯೂನಿವರ್ಸಿಟಿ ಹುಡುಗರಿಗೆ ಪಿ.ಜಿ. ಮಾಡ್ತೀನಿ" ಅಂದರು. ನಮ್ಮ ಹತ್ತಿರ ಮುಂದಿನ ಸಿಲಿಂಡರಿಗೇ ದುಡ್ಡಿರಲಿಲ್ಲ. ಅದೇ ಹೊತ್ತಿಗೆ, ದೊಡ್ಡ ಕಂಪನಿಯೊಂದರ ಪ್ರತಿಷ್ಠಾನ ಇಂಥ ಮನೆಗಳಿಗೆ ಮೂರು ವರ್ಷದ ಅನುದಾನ ಕೊಡುತ್ತದೆ ಎಂದು ಗೊತ್ತಾಯಿತು. ಅದು ಬಂದರೆ ಮನೆ ಇರುತ್ತದೆ. ಬರದಿದ್ದರೆ ಹೆಂಗಸರು, ಮಕ್ಕಳು, ಕುಕ್ಕರು, ಹಾಸಿಗೆ ಎಲ್ಲ ಗಲ್ಲಿಗೆ. ಬೇರೆ ದಾರಿ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊರಟೆ.

೧. ಸಮಸ್ಯೆ ಏನು?

ಗ್ರೇಟರ್ ನೋಯ್ಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ದಾವಣಗೆರೆಯ ಹುಡುಗಿಯೊಬ್ಬಳಿದ್ದಾಳೆ. ಶನಿವಾರದ ಅರ್ಧವನ್ನು ಕಾರಿನಲ್ಲೇ ಕಳೆದು ನಮಗೆ ಸಹಾಯ ಮಾಡಲು ಬರುತ್ತಾಳೆ. ಅವಳು ಲ್ಯಾಪ್‌ಟಾಪ್ ತೆರೆದು, "ಆಂಟಿ, ನೀವು ಹೇಳ್ತಾ ಹೋಗಿ, ನಾನು ಟೈಪ್ ಮಾಡ್ತೀನಿ" ಅಂದಳು.

ಅರ್ಜಿಯ ಮೊದಲ ಪ್ರಶ್ನೆ: ನಿಮ್ಮ ಸಂಸ್ಥೆ ಯಾವ ಸಮಸ್ಯೆಯನ್ನು ಪರಿಹರಿಸಲು ಹೊರಟಿದೆ?

"ಗಂಡಂದಿರು" ಅಂದೆ.

ಅವಳು ಟೈಪ್ ಮಾಡಿ ಕಾದಳು. ನಾನೂ ಕಾದೆ.

"ಆಂಟಿ, ಒಂದೇ ಶಬ್ದ ಸಾಲಲ್ಲ. ಮುನ್ನೂರು ಶಬ್ದ ಬೇಕಂತೆ."

"ಹಾಗಾದ್ರೆ ಮುನ್ನೂರು ಸಲ ಬರಿ."

ಮುಂದಿನ ಪ್ರಶ್ನೆ, ಸಮಸ್ಯೆಯ ಮೂಲ ಕಾರಣ. ಹುಡುಗಿಗೆ ಹುರುಪು ಬಂದುಬಿಟ್ಟಿತ್ತು. "ಅತ್ತೆಯಂದಿರು ಅಂತ ಹಾಕಲಾ?" ಅಂದಳು.

"ಬೇಡ. ಅವರೂ ಇಲ್ಲೇ ಇದ್ದಾರೆ" ಅಂದೆ. ತಮಾಷೆಯಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಎಲ್ಲರೂ ನಾನಿ, ಅಂದರೆ ಅಜ್ಜಿ, ಅನ್ನುತ್ತಾರೆ. ಕುಡಿದು ಬಂದು ಬಡಿಯುವ ಸ್ವಂತ ಮಗನನ್ನು ಒಳಗೆ ಕೂಡಿಹಾಕಿ, ಹೊರಗಿನಿಂದ ಚಿಲಕ ಜಡಿದು, ಸೊಸೆಯನ್ನು ಕರೆದುಕೊಂಡು ಆಟೋ ಹತ್ತಿದವಳು. ನಮ್ಮ ಅಡುಗೆಮನೆ ಅವಳ ರಾಜ್ಯ.

"ಸರಿ, ಈ ಯೋಜನೆಗೆ ಇರುವ ಅಪಾಯಗಳೇನು?"

"ಗಂಡಂದಿರ ಅಣ್ಣತಮ್ಮಂದಿರು."

"ಅನುದಾನ ಮುಗಿದ ಮೇಲೆ ಕೆಲಸ ಹೇಗೆ ಮುಂದುವರಿಯುತ್ತದೆ?"

ಇದನ್ನು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು. "ಹೊಡೆಯೋರು ಯಾರ ಅನುದಾನ ತಗೊಂಡು ಹೊಡೀತಿದ್ದಾರೆ? ಅವರ ಕೆಲಸ ನಡೆಯೋತನಕ ನಮ್ಮದೂ ನಡೆಯುತ್ತೆ ಅಂತ ಬರಿ!"

ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದಳು. "ಆಂಟಿ, ನನಗೆ ಎಲ್ಲಾ ಅರ್ಥ ಆಯ್ತು. ಇದನ್ನ ನಾನು ಅವರ ಭಾಷೆಯಲ್ಲಿ ಬರೀತೀನಿ, ಒಂದು ವಾರ ಕೊಡಿ" ಅಂದಳು.

ಮುಂದಿನ ಶನಿವಾರ ದಪ್ಪ ಕಾಗದದಲ್ಲಿ ಪ್ರಿಂಟ್ ತಂದುಕೊಟ್ಟಳು. ಬಣ್ಣದ ಬಾಣಗಳು, ವೃತ್ತಗಳು, ವೃತ್ತದೊಳಗೊಂದು ವೃತ್ತ. ಸಬಲೀಕರಣ, ಸಮನ್ವಯ, ಸುಸ್ಥಿರ ಬದಲಾವಣೆ. ನಾನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ಮನಸ್ಸು ತುಂಬಿ ಬಂತು.

"ಯಾರೇ ಇವರು? ಬಹಳ ದೊಡ್ಡ ಸಂಸ್ಥೆ ಕಾಣುತ್ತೆ" ಅಂದೆ. "ಇವರ ಹತ್ತಿರ ದುಡ್ಡಿರುತ್ತೆ. ನಡಿ, ಇವರನ್ನೇ ಕೇಳೋಣ."

೨. ಲಿಫ್ಟಿನ ಮುಂದೆ

ಅರ್ಜಿ ಮೊದಲ ಸುತ್ತು ದಾಟಿತು. ಗುರುಗ್ರಾಮದ ಕಚೇರಿಗೆ ಬಂದು ಮಾತಾಡಿ ಎಂದು ಕರೆ ಬಂತು. ಮೆಟ್ರೋ ಹಿಡಿದು, ಆಟೋ ಹಿಡಿದು, ಗಾಜಿನ ಕಟ್ಟಡದ ಮುಂದೆ ಇಳಿದೆ. ಸ್ವಾಗತದ ಹುಡುಗಿ ಮೆತ್ತನೆಯ ಸೋಫಾ ತೋರಿಸಿ, "ಕೂತ್ಕೊಳ್ಳಿ ಮೇಡಂ, ಸರ್ ಕರೀತಾರೆ" ಅಂದಳು.

ಇಷ್ಟು ವರ್ಷ ಠಾಣೆ, ಕೋರ್ಟು, ಕಮಿಷನರ್ ಕಚೇರಿ ಸುತ್ತಿ ನಾನು ಕಲಿತ ಒಂದೇ ಒಂದು ವಿದ್ಯೆ ಇದು: ಅವರು ಕೊಟ್ಟ ಕುರ್ಚಿಯಲ್ಲಿ ಕೂತವಳನ್ನು ಯಾರೂ ಕರೆಯುವುದಿಲ್ಲ. ಓಡಾಡುವ ದಾರಿಯಲ್ಲಿ ನೆಲದ ಮೇಲೆ ಕೂರಬೇಕು. ಸುತ್ತಿ ಹೋಗಬೇಕಾದ ತೊಂದರೆಗಾದರೂ ಕೆಲಸ ಮಾಡಿಕೊಡುತ್ತಾರೆ.

ಆದರೂ ಹೊಸ ಜಾಗವೆಂದು ಮರ್ಯಾದೆಗೆ ಸೋಫಾದಲ್ಲೇ ಕೂತೆ. ಮುಕ್ಕಾಲು ಗಂಟೆ ಕಳೆಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಕಾಲುಗಳು ತಾವಾಗಿಯೇ ಎದ್ದವು. ಹೋಗಿ ಲಿಫ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ಗಾರ್ಡು ಓಡಿ ಬಂದ. "ಮಾತಾಜಿ, ಇಲ್ಲಿ ಕೂರಬಾರದು."

"ಎಲ್ಲಿ ಬರೆದಿದೆ, ತೋರಿಸು ಭಯ್ಯಾ."

ಅವನು ಗೋಡೆಯೆಲ್ಲ ಹುಡುಕಿದ. ನಾನು ಕಣ್ಣು ಮುಚ್ಚಿಕೊಂಡೆ. ಇದೂ ಠಾಣೆಯ ವಿದ್ಯೆಯೇ. ಕಣ್ಣು ತೆರೆದಿದ್ದರೆ ವಾದ ಮಾಡುತ್ತಾರೆ. ಮುಚ್ಚಿಕೊಂಡರೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಸುತ್ತ ಗುಸುಗುಸು ಕೇಳಿಸಿತು. ಬಟ್ಟೆ ಸರಸರ ಅಂತು. ಪೊಲೀಸರನ್ನು ಕರೆಸಿದರು ಅಂದುಕೊಂಡೆ. ಒಳ್ಳೆಯದೇ ಆಯಿತು, ಗೊತ್ತಿರುವ ಇಲಾಖೆ. ಕಣ್ಣು ತೆರೆದು ಹಿಂತಿರುಗಿ ನೋಡಿದರೆ, ಊಟ ಮುಗಿಸಿ ಬಂದ ಕಂಪನಿಯ ಹುಡುಗ ಹುಡುಗಿಯರು ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು, ಶೂ ಕಳಚಿಟ್ಟು, ನನ್ನ ಹಿಂದೆ ಸಾಲುಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ! ಎಲ್ಲರ ಕಣ್ಣೂ ಮುಚ್ಚಿದೆ. ಒಬ್ಬ ಆಗಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾನೆ.

"ಏನಿದು?" ಅಂತ ಪಕ್ಕದ ಹುಡುಗಿಯನ್ನು ಕೇಳಿದೆ.

ಅವಳು ಪಿಸುಗುಟ್ಟಿದಳು: "ಈ ವಾರ ಒತ್ತಡ ನಿವಾರಣೆ ವಾರ ಅಂತ ಮೇಲ್ ಬಂದಿತ್ತು. ಇಷ್ಟು ಚೆನ್ನಾಗಿ ಮಾಡ್ತಾರೆ ಅಂದ್ಕೊಂಡಿರಲಿಲ್ಲ."

ಲಿಫ್ಟಿನ ಬಾಗಿಲು ತೆರೆಯಿತು. ಪ್ರತಿಷ್ಠಾನದ ಅಧಿಕಾರಿ ಹೊರಗೆ ಕಾಲಿಡಲು ಜಾಗವಿಲ್ಲದೆ ಒಳಗೇ ನಿಂತ. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿಯ ಯುವಕ. ಅವನ ಪಕ್ಕದಲ್ಲಿ ಕಂಪನಿಯ ಯಾರೋ ದೊಡ್ಡವರು. ಅವರು ಕೈ ಮುಗಿದು, "ಅದ್ಭುತ! ಯಾವ ಆಶ್ರಮದವರು?" ಅಂದರು. ಅರ್ಜಿಯಲ್ಲಿದ್ದ ಫೋಟೋದಿಂದ ಅಧಿಕಾರಿಗೆ ನನ್ನ ಗುರುತು ಹತ್ತಿತು, ಆದರೆ ದೊಡ್ಡವರ ಮುಂದೆ ಏನು ಹೇಳುತ್ತಾನೆ? "ನಾನೇ ಕರೆಸಿದ್ದು ಸರ್" ಅಂದ. ಎರಡೇ ನಿಮಿಷದಲ್ಲಿ ಅವನ ಕೋಣೆಯಲ್ಲಿ ನನಗೆ ಟೀ ಬಂತು.

ಹೊರಡುವಾಗ ಒಬ್ಬ ಹುಡುಗ ಇನ್ನೂ ಕೂತೇ ಇದ್ದ. ಭಕ್ತಿಯಿಂದ ಕೇಳಿದ: "ಗುರೂಜಿ, ಇದನ್ನ ಎಷ್ಟು ಹೊತ್ತು ಮಾಡಬೇಕು?"

"ಬೇಡಿಕೆ ಈಡೇರೋತನಕ" ಅಂದೆ.

೩. ಒಬ್ಬ ಗಂಡಸು ಬೇಕು

ಇದು ಚಿಕ್ಕದು, ಆದರೆ ಬಿಡಲು ಮನಸ್ಸಿಲ್ಲ.

ಅಧಿಕಾರಿ ನಮ್ಮ ಕಾಗದಗಳನ್ನು ನೋಡಿ ಫೋನ್ ಮಾಡಿದ. "ಮೇಡಂ, ಒಂದು ತೊಡಕಿದೆ. ನಿಮ್ಮ ಆಡಳಿತ ಸಮಿತಿಯಲ್ಲಿ ಎಲ್ಲರೂ ಹೆಂಗಸರೇ. ನಮ್ಮ ನಿಯಮದ ಪ್ರಕಾರ ಲಿಂಗ ಸಮತೋಲನ ಇರಬೇಕು."

"ಗಂಡಸರಿಂದ ತಪ್ಪಿಸಿಕೊಂಡು ಬಂದವರ ಮನೆಗೆ ಗಂಡಸನ್ನ ಎಲ್ಲಿಂದ ತರಲಿ?" ಅಂತ ಕಿರುಚಿದೆ.

"ಒಬ್ಬರಾದರೂ ಸಾಕು ಮೇಡಂ."

ನಾನಿ, ಹೆಂಗಸರು ಎಲ್ಲ ಸೇರಿ ಚರ್ಚೆ ಮಾಡಿದರು. ಪರಿಚಯದ ಗಂಡಸರ ಹೆಸರು ಒಂದೊಂದೇ ಬಂತು, ಒಂದೊಂದೇ ಹೋಯಿತು. ಕೊನೆಗೆ ಉಳಿದದ್ದು ನನ್ನ ಗಂಡ. ಸಚಿವಾಲಯದಲ್ಲಿ ಮೂವತ್ತು ವರ್ಷ ಫೈಲು ತಳ್ಳಿ, ಯಾರಿಗೂ ಎದುರುತ್ತರ ಕೊಟ್ಟು ಗೊತ್ತಿಲ್ಲದವರು. ಒಮ್ಮತದಿಂದ ಆಯ್ಕೆಯಾದರು.

ಅಧಿಕಾರಿ ಸಮಿತಿಯ ಸಭೆ ನೋಡಲು ಖುದ್ದಾಗಿ ಬಂದ. ನಮ್ಮವರು ಬಿಳಿ ಅಂಗಿ ಹಾಕಿಕೊಂಡು ಮೂಲೆಯಲ್ಲಿ ಕೂತರು. ಎರಡು ಸಲ ಬಾಯಿ ತೆರೆದರು. ಒಂದು ಸಲ ನಾನಿ ಅಡ್ಡ ಬಂದಳು, ಇನ್ನೊಂದು ಸಲ ನಾನು. ಮೂರನೇ ಸಲ ಅವರು ತೆರೆದದ್ದು ಆಕಳಿಸಲು.

ಸಭೆ ಮುಗಿದ ಮೇಲೆ ಅಧಿಕಾರಿ ಅವರನ್ನು ಪಕ್ಕಕ್ಕೆ ಕರೆದು ಬಹಳ ಗಂಭೀರವಾಗಿ ಕೇಳಿದ: "ಸರ್, ನಿಜ ಹೇಳಿ. ಈ ಸಮಿತಿಯಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ ಅನಿಸುತ್ತಾ?"

ನಮ್ಮವರು ನನ್ನ ಕಡೆ ನೋಡಿದರು. ಆಮೇಲೆ ಹೇಳಿದರು:

"ಮನೆಗಿಂತ ಪರವಾಗಿಲ್ಲ."

೪. ದುಃಖದ ಕೈಗಳು

ಆಮೇಲೆ ಫೋಟೋ ಬೇಕು ಅಂದರು. ಮುಖ ತೆಗೆಯುವಂತಿಲ್ಲ, ಗಂಡಂದಿರು ಹುಡುಕಿಕೊಂಡು ಬರುತ್ತಾರೆ ಅಂದೆ. ಅಧಿಕಾರಿಗೆ ಅದು ಮೊದಲೇ ಗೊತ್ತಿತ್ತು. "ಮುಖ ಬೇಡ ಮೇಡಂ. ಕೈಗಳು ಸಾಕು. ಒರಟಾದ ಎರಡು ಕೈ, ನಡುವೆ ಒಂದು ಟೀ ಲೋಟ. ನೋಡಿದವರ ಕಣ್ಣಲ್ಲಿ ನೀರು ಬರಬೇಕು. ನಮ್ಮ ಮುಂಬೈ ಕಚೇರಿಗೆ ಅಂಥದ್ದೇ ಇಷ್ಟ" ಅಂದ.

ದಿನ ಗೊತ್ತು ಮಾಡಿದವನು ಅವನೇ. ದೆಹಲಿಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಕರ್ವಾ ಚೌತ್ ಹಬ್ಬದ ದಿನ ಎಂದು ಹೊಳೆಯಲಿಲ್ಲ, ಮದುವೆಯಾಗಿರಲಿಲ್ಲ, ಪಾಪ. ಗಂಡನಿಗೆ ದೀರ್ಘಾಯುಷ್ಯ ಸಿಗಲಿ ಎಂದು ಹೆಂಡತಿ ಇಡೀ ದಿನ ನೀರೂ ಕುಡಿಯದೆ ಉಪವಾಸವಿದ್ದು, ಚಂದ್ರನನ್ನು ನೋಡಿ ಊಟ ಮಾಡುವ ಹಬ್ಬ ಅದು. ಹಿಂದಿನ ಸಂಜೆಯೇ ಇಲ್ಲಿಯ ಹೆಂಗಸರೆಲ್ಲ ಮಾರುಕಟ್ಟೆಯಲ್ಲಿ ಸ್ಟೂಲಿನ ಮೇಲೆ ಸಾಲಾಗಿ ಕೂತು ಮೆಹಂದಿ ಹಾಕಿಸಿಕೊಳ್ಳುತ್ತಾರೆ.

ಗಂಡನನ್ನು ಬಿಟ್ಟು ಬಂದವರಿಗೆ ಈ ಹಬ್ಬ ಎಲ್ಲಿಂದ ಬಂತು ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಫೋಟೋಗ್ರಾಫರ್ ಬಂದ. ಕಿಟಕಿಯ ಪರದೆ ಅರ್ಧ ಎಳೆದು ಮಬ್ಬು ಬೆಳಕು ಮಾಡಿಕೊಂಡ. "ಕೈ ಮುಂದಕ್ಕೆ ಚಾಚಿ" ಅಂದ. ಚಾಚಿದರು. ಮೊಣಕೈವರೆಗೆ ಕೆಂಪಗೆ ಹತ್ತಿದ ಮೆಹಂದಿ. ನವಿಲು, ಮಾವಿನಕಾಯಿ, ಬಳ್ಳಿ. ಜೊತೆಗೆ ಡಜನ್‌ಗಟ್ಟಲೆ ಗಾಜಿನ ಬಳೆ. ಕೋಣೆಯೆಲ್ಲ ಝಣಝಣ.

ಅವನು ನನ್ನ ಕಿವಿಯಲ್ಲಿ ಕೇಳಿದ: "ಮೇಡಂ, ಸ್ವಲ್ಪ ದುಃಖದ ಕೈ ಯಾವುದೂ ಇಲ್ವಾ?"

"ಕಾಲಿನ ಫೋಟೋ ತೆಗಿ" ಅಂದೆ. ಕಾಲು ನೋಡಿದ. ಎಲ್ಲ ಉಗುರಿಗೂ ಗುಲಾಬಿ ಬಣ್ಣ.

ನನ್ನ ತಲೆ ಕೆಟ್ಟಿತು. ಅವನನ್ನು ಹೊರಗೆ ಕೂರಿಸಿ ಹೆಂಗಸರ ಮೇಲೆ ಹರಿಹಾಯ್ದೆ. "ಏನ್ರೇ ಇದು? ಮನೆ ಉಳಿಸೋಕೆ ನಾನು ಊರೂರು ಅಲೀತಿದ್ದೀನಿ. ನೀವು ಯಾವನ ಆಯುಷ್ಯಕ್ಕೆ ಉಪವಾಸ ಕೂತಿದ್ದೀರಿ? ನಿನ್ನ ಹಲ್ಲು ಮುರಿದವನಿಗಾ? ನಿನ್ನ ಬಿಸಿ ಚಹಾದಲ್ಲಿ ಸುಟ್ಟವನಿಗಾ?"

ಎಲ್ಲರೂ ತಲೆ ತಗ್ಗಿಸಿದರು. "ಉಪವಾಸ ಇಲ್ಲ ದೀದಿ, ಬರೀ ಮೆಹಂದಿ" ಎಂದು ಒಂದಿಬ್ಬರು ಗೊಣಗಿದರು. ಆದರೆ ಹಲ್ಲು ಮುರಿಸಿಕೊಂಡು ಬಂದವಳು ಮಾತ್ರ ತಲೆ ಎತ್ತಿಯೇ ನಿಂತಿದ್ದಳು. ತುಟಿ ಒಣಗಿತ್ತು. ನಿಜವಾಗಿಯೂ ಉಪವಾಸವಿದ್ದವಳು ಅವಳೊಬ್ಬಳೇ.

"ನಿನಗೆ ನಾಚಿಕೆ ಆಗಲ್ವಾ?" ಅಂದೆ.

"ದೀದಿ, ಕೋರ್ಟಲ್ಲಿ ಜೀವನಾಂಶದ ಕೇಸಿದೆ" ಅಂದಳು ಅವಳು. "ಜಡ್ಜ್ ಸಾಹೇಬರು ಆರ್ಡರ್ ಮಾಡೋತನಕ ಅವನು ಸಾಯಬಾರದು. ಆರ್ಡರ್ ಆದಮೇಲಂತೂ ಸಾಯಲೇಬಾರದು, ತಿಂಗಳು ತಿಂಗಳು ಕೊಡಬೇಕಲ್ಲ! ಅವನು ನೂರು ವರ್ಷ ಬಾಳಲಿ ಅಂತ ನನ್ನಷ್ಟು ಮನಸ್ಸಿಟ್ಟು ಬೇಡೋಳು ಇಡೀ ದಿಲ್ಲಿಯಲ್ಲಿ ಇನ್ನೊಬ್ಬಳಿಲ್ಲ."

೫. ಮಾಲೀಕರ ಸಾಕ್ಷಿ

ಡಿಸೆಂಬರಿನಲ್ಲಿ ಅಧಿಕಾರಿ ಮನೆ ನೋಡಲು ಬಂದ. ಕೋಣೆ, ಅಡುಗೆಮನೆ, ಬಾಗಿಲಿನ ಚಿಲಕ, ಮಕ್ಕಳ ಪುಸ್ತಕ ಎಲ್ಲ ನೋಡಿದ. ಆಮೇಲೆ, "ಇನ್ನು ಅಕ್ಕಪಕ್ಕದ ಸಮುದಾಯದ ಅಭಿಪ್ರಾಯ ಬೇಕು ಮೇಡಂ. ಈ ಮನೆಯಿಂದ ಇವರ ಮೇಲೆ ಏನು ಪರಿಣಾಮ ಆಗಿದೆ ಅಂತ" ಅಂದ.

ಸರಿಯಾಗಿ ಅದೇ ಹೊತ್ತಿಗೆ ಮಾಲೀಕರು ಕೈಯಲ್ಲಿ ಅಳತೆ ಟೇಪು ಹಿಡಿದು ಮೇಲೆ ಬರಬೇಕೇ? ಪಿ.ಜಿ.ಗೆ ಯಾವ ಕೋಣೆಯಲ್ಲಿ ಎಷ್ಟು ಮಂಚ ಹಿಡಿಯುತ್ತದೆ ಎಂದು ಅಳೆಯಲು ಬಂದಿದ್ದರು. ಇವರು ಮಾರ್ಚ್‌ಗೆ ಖಾಲಿ ಮಾಡ್ತಾರೆ ಅಂತ ಒಂದು ಮಾತು ಹೊರಬಿದ್ದರೆ, ಖಾಲಿಯಾಗುವ ಮನೆಗೆ ಯಾರು ದುಡ್ಡು ಕೊಡುತ್ತಾರೆ? ನಾನು ಅಡ್ಡ ಹೋಗುವಷ್ಟರಲ್ಲಿ ಅಧಿಕಾರಿ ಕೇಳಿಯೇಬಿಟ್ಟ: "ನೀವು ಇಲ್ಲಿಯವರಾ? ಈ ಮನೆ ಬಂದಮೇಲೆ ನಿಮಗೆ ಏನಾದರೂ ಬದಲಾವಣೆ ಕಂಡಿದೆಯಾ?"

"ಬದಲಾವಣೆ?" ಮಾಲೀಕರ ಮುಖ ಕೆಂಪಾಯಿತು. ಅವರು ಬಹಳ ದಿನದಿಂದ ಯಾರಾದರೂ ಇದನ್ನು ಕೇಳಲಿ ಎಂದು ಕಾಯುತ್ತಿದ್ದವರಂತೆ ಟೇಪು ನೆಲಕ್ಕಿಟ್ಟರು. "ಕೇಳಬೇಡಿ ಸಾಹೇಬ್! ಇಪ್ಪತ್ತೈದು ವರ್ಷ ನನ್ನ ಹೆಂಡತಿ ನನ್ನ ಮುಂದೆ ಮುಖದ ಮೇಲಿನ ಘೂಂಘಟ್ ಸರಿಸಿದವಳಲ್ಲ. ಇವರು ಬಂದಮೇಲೆ ದಿನಾ ಮಧ್ಯಾಹ್ನ ಇಲ್ಲಿಗೆ ಚಹಾಕ್ಕೆ ಬರ್ತಾಳೆ. ಈಗ ದಾಲ್‌ನಲ್ಲಿ ಉಪ್ಪು ಕಡಿಮೆ ಅಂದ್ರೆ ಸಾಕು, 'ಏನಂದ್ರಿ? ಮೆಟ್ಟಿಲು ಹತ್ತಲಾ?' ಅಂತಾಳೆ. ಸ್ವಲ್ಪ ದನಿ ಎತ್ತಿದ್ರೆ, 'ಹತ್ತಲಾ?' ಟಿವಿ ರಿಮೋಟ್ ಕೇಳಿದ್ರೆ, 'ಹತ್ತಲಾ?' ನನ್ನ ಸ್ವಂತ ಮನೆಯ ಮೆಟ್ಟಿಲು ಸಾಹೇಬ್, ನಾನೇ ಇಟ್ಟಿಗೆ ಹೊತ್ತು ಕಟ್ಟಿಸಿದ್ದು! ನಮ್ಮ ಗಲ್ಲಿಯಲ್ಲಿ ಈಗ ಯಾವ ಗಂಡಸೂ ಕೈ ಎತ್ತುವಂತಿಲ್ಲ. ಎಲ್ಲರ ಹೆಂಡತಿಯರಿಗೂ ಈ ಮೆಟ್ಟಿಲು ಗೊತ್ತಾಗಿದೆ. ಹೀಗಾದ್ರೆ ಸಂಸಾರ ಮಾಡೋದು ಹೇಗೆ?"

ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ. "ಇಡೀ ಗಲ್ಲಿಯಲ್ಲಾ?" ಅಂತ ಕೇಳಿದ.

"ಇಡೀ ಗಲ್ಲಿಯಲ್ಲಿ!"

"ವೆರಿ ಗುಡ್ ಸರ್" ಅಂದ ಅವನು. ಇಂಥ ಸಾಕ್ಷಿಯನ್ನು ಅವನು ಬೇರೆ ಯಾವ ಮನೆಯಲ್ಲೂ ಪಡೆದಿರಲಿಲ್ಲವಂತೆ. ಮಾಲೀಕರಿಗೆ ಇನ್ನೂ ಹೇಳುವುದಿತ್ತು, ಪಿ.ಜಿ. ವಿಷಯಕ್ಕೆ ಬರುತ್ತಲೂ ಇದ್ದರು. "ಅದಕ್ಕೇ ಮಾರ್ಚ್‌ನಲ್ಲಿ..." ಎನ್ನುವಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿಯ ದನಿ ಕೇಳಿಸಿತು.

"ರೊಟ್ಟಿ ಆರ್ತಾ ಇದೆ. ನೀವು ಇಳೀತೀರೋ, ನಾನು ಹತ್ತಲೋ?"

ಮಾಲೀಕರು ಎರಡೆರಡು ಮೆಟ್ಟಿಲು ಹಾರಿ ಇಳಿದರು. ಟೇಪು ಇಲ್ಲೇ ಉಳಿಯಿತು. ಈಗ ಮಕ್ಕಳ ಎತ್ತರ ಅಳೆಯಲು ಬಳಸುತ್ತೇವೆ.

೬. ಜೈಪುರದಿಂದ ಬಂದವಳು

ಕೊನೆಯ ಸುತ್ತಿಗೆ ಎರಡೇ ಸಂಸ್ಥೆ ಉಳಿದವು. ಮುಂಬೈಯಿಂದ ಪ್ರತಿಷ್ಠಾನದ ಮುಖ್ಯಸ್ಥೆಯೇ ಬಂದು ನೋಡಿ ಒಂದನ್ನು ಆರಿಸುತ್ತಾರೆ ಎಂದರು. ಬೇರೆ ತಿಂಗಳೇ ಸಿಗದವರಂತೆ ಜನವರಿಯಲ್ಲೇ ದೆಹಲಿಗೆ ಹೊರಟರು ಅವರು. ಮಂಜು ಎಂದರೆ ಎದುರಿನ ಮನೆಯ ಗೋಡೆಯೂ ಕಾಣದಂಥ ಮಂಜು.

ಬೆಳಿಗ್ಗೆ ನಾನೂ ಅಧಿಕಾರಿಯೂ ಹೂಗುಚ್ಛ ಹಿಡಿದು ವಿಮಾನ ನಿಲ್ದಾಣದಲ್ಲಿ ನಿಂತೆವು. ದಾವಣಗೆರೆಯ ಹುಡುಗಿ ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದು ನಮ್ಮ ಜೊತೆಗೇ ಬಂದಿದ್ದಳು. ವಿಮಾನ ಇಲ್ಲಿ ಇಳಿಯಲಾಗದೆ ಜೈಪುರಕ್ಕೆ ಹೋಯಿತು ಎಂದು ತಿಳಿಯಿತು. ಮುಖ್ಯಸ್ಥೆಯ ಫೋನು ಸ್ವಿಚ್ ಆಫ್. "ಮುಂದಿನ ವಿಮಾನದಲ್ಲಿ ಬಂದೇ ಬರ್ತಾರೆ, ಇಲ್ಲೇ ಇರೋಣ" ಅಂದ ಅಧಿಕಾರಿ. ಇದ್ದೆವು. ಮಧ್ಯಾಹ್ನ ದಾಟಿತು, ಹೂವು ಬಾಡಿತು.

ಆ ಹೆಂಗಸು ಕಾಯುವ ಜಾತಿಯಲ್ಲ. ಜೈಪುರದಲ್ಲಿ ಇಳಿದವರೇ ಟ್ಯಾಕ್ಸಿ ಹಿಡಿದು ನೇರ ನಮ್ಮ ಗಲ್ಲಿಗೇ ಬಂದುಬಿಟ್ಟಿದ್ದರು. ಮುಖ್ಯಸ್ಥೆ ಬಂದರೆ ನಮ್ಮ ಜೊತೆಗೇ ಬರುತ್ತಾರೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಅಲ್ಲಿ ನಡೆದದ್ದನ್ನು ನಾನು ಆಮೇಲೆ ಎರಡೂ ಕಡೆಯಿಂದ ಕೇಳಿ ತಿಳಿದೆ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಹೊಸಬಳು ಬಂದ ದಿನ ಅವಳನ್ನು ಏನೂ ಕೇಳಬಾರದು. ಅವಳು ಏನೇ ಹೇಳಿದರೂ ಹೌದು ಅನ್ನಬೇಕು, ನಂಬಬಾರದು. ಚಹಾ, ಊಟ, ನಿದ್ದೆ. ಮಾತೆಲ್ಲ ಮಾರನೆಯ ದಿನ. ಯಾಕೆಂದರೆ ಮೊದಲ ದಿನ ಯಾರೂ ನಿಜ ಹೇಳುವುದಿಲ್ಲ. ಒಬ್ಬಳು ದಾರಿ ತಪ್ಪಿ ಬಂದೆ ಅಂದಿದ್ದಳು. ಇನ್ನೊಬ್ಬಳು ಜನಗಣತಿಯವಳು ಅಂದು, ಮನೆಯಲ್ಲಿರುವ ಎಲ್ಲರ ಹೆಸರು ಬರೆದುಕೊಂಡು, ಕೊನೆಗೆ ತನ್ನ ಹೆಸರು ಬರೆಯುವಾಗ ಅಳಲು ಶುರುಮಾಡಿದ್ದಳು.

ನಾನಿ ಬಾಗಿಲು ತೆರೆದಾಗ ಕಂಡದ್ದು: ಕೆದರಿದ ಕೂದಲು, ತಲೆ ಮೇಲೆ ಶಾಲು, ಕೆಂಪಾದ ಕಣ್ಣು, ಕೈಯಲ್ಲಿ ಒಂದೇ ಸೂಟ್‌ಕೇಸ್.

"ಇದೇನಾ ಆ ಹೆಂಗಸರ ಮನೆ?"

"ಇದೇ ಬೇಟಿ. ಒಳಗೆ ಬಾ, ಇನ್ನು ಹೆದರಬೇಡ."

"ನಾನು ಮುಂಬೈಯಿಂದ ಬಂದೆ. ಜೈಪುರಕ್ಕೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ..."

"ಹೌದಮ್ಮ ಹೌದು. ಸುತ್ತಿಕೊಂಡು ಬಂದದ್ದು ಒಳ್ಳೇದಾಯ್ತು. ಅವನಿಗೆ ಗೊತ್ತಾಗಲ್ಲ."

"ಯಾರಿಗೆ? ನೋಡಿ, ನಾನು ಪ್ರತಿಷ್ಠಾನದ ಮುಖ್ಯಸ್ಥೆ."

"ಹೌದು ಹೌದು" ಅನ್ನುತ್ತಾ ನಾನಿ ಉಳಿದವರಿಗೆ ಕಣ್ಸನ್ನೆ ಮಾಡಿದಳಂತೆ. ಸ್ಥಿತಿ ಗಂಭೀರವಾಗಿದೆ ಎಂದು.

"ನಿಮಗೆ ಮೂರು ವರ್ಷಕ್ಕೆ ದುಡ್ಡು ಕೊಡೋದಾ ಬೇಡ್ವಾ ಅಂತ ನೋಡೋಕೆ ಬಂದಿದ್ದೀನಿ!"

ನಾನಿಯ ಕಣ್ಣಲ್ಲಿ ನೀರು ಬಂತು. ಸೊಸೆಗೆ ಹೇಳಿದಳು: "ಕೈಗೆ ಒಂದು ರೂಪಾಯಿ ಕೊಡದೆ ಇಟ್ಟಿದ್ದಾರೆ ಪಾಪಿಗಳು. ಅದಕ್ಕೇ ಹೀಗೆ ಮಾತಾಡ್ತಾಳೆ. ಆಲೂ ಪರಾಠಾ ಹಾಕು, ತುಪ್ಪ ಜಾಸ್ತಿ ಬಿಡು."

"ನನ್ನ ಫೋನ್ ಚಾರ್ಜ್ ಮಾಡಬೇಕು."

"ಇವತ್ತು ಫೋನ್ ಬೇಡ ಬೇಟಿ. ಆನ್ ಮಾಡಿದ ಕೂಡಲೇ ಅವನು ಶುರು ಮಾಡ್ತಾನೆ."

"ಮ್ಯಾನೇಜರ್ ಏರ್‌ಪೋರ್ಟಲ್ಲಿ ಕಾಯ್ತಿರ್ತಾನೆ!"

"ಕಾಯಲಿ ಬಿಡು. ಬುದ್ಧಿ ಬರಲಿ ಅವನಿಗೆ."

ಮೂರು ಪರಾಠಾ ಹೊಟ್ಟೆಗೆ ಹೋದವು. ಶುಂಠಿ ಚಹಾ ಹೋಯಿತು. ಯಾರೋ ಕಾಲಿಗೆ ಬಿಸಿನೀರಿನ ಚೀಲ ಇಟ್ಟರು, ಯಾರೋ ತಲೆಗೆ ಎಣ್ಣೆ ತಟ್ಟಿದರು, ಇನ್ಯಾರೋ ಮಗುವಿನ ಉಣ್ಣೆ ಟೋಪಿ ಹಾಕಿದರು. ರಜಾಯಿ ಹೊದೆಸುವ ಹೊತ್ತಿಗೆ ಮುಖ್ಯಸ್ಥೆ ವಾದ ಮಾಡುವುದನ್ನು ಬಿಟ್ಟಿದ್ದರು.

ನಾವು ಸಂಜೆಗೆ ಸೋತು ಸುಣ್ಣವಾಗಿ ಬಂದೆವು. ಅಧಿಕಾರಿ ದಾರಿಯುದ್ದಕ್ಕೂ, "ಅವರು ಸಿಟ್ಟಾಗಿ ವಾಪಸ್ ಹೋಗಿದ್ದಾರೆ ಮೇಡಂ, ನಿಮ್ಮ ಕಥೆ ಮುಗೀತು, ನನ್ನದೂ ಮುಗೀತು" ಅಂತ ಗೋಳಾಡಿದ್ದ. ನಾನಿ ಬಾಗಿಲಲ್ಲೇ ತುಟಿಗೆ ಬೆರಳಿಟ್ಟಳು. "ಶ್! ಹೊಸಬಳು ಮಲಗಿದ್ದಾಳೆ. ದೊಡ್ಡ ಮನೆತನದವಳು. ತಲೆ ಸ್ವಲ್ಪ ಏರುಪೇರಾಗಿದೆ, ದುಡ್ಡು ಕೊಡ್ತೀನಿ ದುಡ್ಡು ಕೊಡ್ತೀನಿ ಅಂತಿದ್ದಾಳೆ."

ಇಣುಕಿ ನೋಡಿದ ಅಧಿಕಾರಿ ಗೋಡೆ ಹಿಡಿದುಕೊಂಡ. ಅವನ ಕೈಯಿಂದ ಹೂಗುಚ್ಛ ಜಾರಿ ಬಿತ್ತು. ಆ ಸದ್ದಿಗೆ ಮುಖ್ಯಸ್ಥೆ ಎದ್ದು ಕೂತರು. ಟೋಪಿಯ ಎರಡು ಉಣ್ಣೆ ಕಿವಿಗಳು ನೆಟ್ಟಗೆ ನಿಂತಿದ್ದವು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಬೇರೆಯವರಿಂದ ಕೇಳಿಸಿಯೇ ಅಭ್ಯಾಸ. ಬಗ್ಗಿ ಹೂಗುಚ್ಛ ಎತ್ತಿಕೊಂಡೆ. ನಮ್ಮ ಹುಡುಗಿ ಧೈರ್ಯ ಮಾಡಿ ಲ್ಯಾಪ್‌ಟಾಪ್ ತೆರೆದು, "ಮೇಡಂ, ನಮ್ಮ ಸಂಸ್ಥೆಯ ಬಗ್ಗೆ ಒಂದು ಚಿಕ್ಕ ಪ್ರೆಸೆಂಟೇಷನ್..." ಅಂದಳು.

"ಅದನ್ನ ಮುಚ್ಚಿಬಿಡಿ" ಅಂದರು ಮುಖ್ಯಸ್ಥೆ. ಅವಳ ಮುಖ ಸಪ್ಪಗಾಯಿತು. ಅವರು ಕಣ್ಣುಜ್ಜಿಕೊಂಡು ನನ್ನ ಕಡೆ ತಿರುಗಿದರು. "ನಾನು ಎಷ್ಟೋ ಮನೆ ನೋಡಿದ್ದೀನಿ. ಎಲ್ಲಾ ಕಡೆ ನಾನು ಯಾರು ಅಂತ ಗೊತ್ತಾದ ಮೇಲೆ ಉಪಚಾರ ಮಾಡ್ತಾರೆ. ಇಲ್ಲಿ ನಾನು ಬಾಯಿಬಿಟ್ಟು ಹೇಳಿದರೂ ಯಾರೂ ನಂಬದೆ ಉಪಚಾರ ಮಾಡಿದರು" ಅಂದರು. ಆಮೇಲೆ, "ಚಹಾ ಇನ್ನೊಂದು ಲೋಟ ಸಿಗುತ್ತಾ?" ಅಂತ ಕೇಳಿದರು.

ಅನುದಾನ ಮಂಜೂರಾಯಿತು. ಪೂರ್ತಿ ಮೂರು ವರ್ಷದ್ದು, ಒಂದು ಕಾಸೂ ಕತ್ತರಿಸದೆ. ಮಾರ್ಚ್ ಮುಗಿಯುವ ಮೊದಲೇ ಮಾಲೀಕರು ಕರಾರಿಗೆ ಸಹಿ ಹಾಕಿದರು. ಅವರ ಹೆಂಡತಿ ಪಕ್ಕದಲ್ಲೇ ನಿಂತು ಪೆನ್ನು ಕೊಟ್ಟಳು. ಆ ಸಂಜೆ ಬಿಸಿ ಜಿಲೇಬಿ ತರಿಸಿ, ಮೂರನೇ ಮಹಡಿಯಿಂದ ಇಡೀ ಗಲ್ಲಿಗೆ ಕೇಳುವಂತೆ, "ಗೆದ್ದೆವು! ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ!" ಎಂದು ಕೂಗಿದೆ. ಹೆಂಗಸರು ಕುಣಿದರು, ತಟ್ಟೆ ಬಡಿದರು. ನಮ್ಮ ಸಮಿತಿಯ ಏಕೈಕ ಗಂಡಸೂ ಎರಡು ಹೆಜ್ಜೆ ಕುಣಿದರು.

ಗದ್ದಲದ ನಡುವೆ ನಾನಿ ಕೇಳಿದಳು, "ಯಾರು ಬೇಟಿ ಇಷ್ಟೊಂದು ದುಡ್ಡು ಕೊಟ್ಟಿದ್ದು?"

"ಅದೇ ನಾನಿ, ಮಂಜಿನ ದಿನ ಇಲ್ಲಿ ಬಂದು ಮಲಗಿದ್ದರಲ್ಲ, ಅವರೇ! ಮುಂಬೈಯಿಂದ ಕಳಿಸಿದ್ದಾರೆ."

ನಾನಿಯ ಕೈಯಲ್ಲಿದ್ದ ಜಿಲೇಬಿ ಬಾಯಿಯ ಹತ್ತಿರ ಹೋಗಿ ನಿಂತಿತು. ಮುಖ ಬಾಡಿತು.

"ಅಯ್ಯೋ ಪಾಪ" ಅಂದಳು. "ಅಂದ್ರೆ ಅವಳು ಅವನ ಹತ್ತಿರಾನೇ ವಾಪಸ್ ಹೋಗಿಬಿಟ್ಟಳಾ? ಹೋಗಲಿ, ಮೊದಲನೇ ಸಲ ಎಲ್ಲರೂ ಹೋಗ್ತಾರೆ. ಅವಳು ಮಲಗಿದ್ದ ಆ ಕಿಟಕಿ ಪಕ್ಕದ ಮಂಚ ಯಾರಿಗೂ ಕೊಡಬೇಡ ಬೇಟಿ. ಬರ್ತಾಳೆ."